ಒಲಿಪಾಲು

ನಾನು ಮೊಲದ ಪರವಾಗಿ ಮಾತಾಡಿದವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿ ಈಕೆಗೆ ಈಗ ಬೇಟೆಯ ಮೇಲೆ ಮಮತೆ ಹುಟ್ಟಿದೆ ಎಂದು ಯಾರೂ ತಿಳಿಯಬಾರದು. ಹುಟ್ಟಿಲ್ಲ. ಅಂದು ಆಡಿದ ಮಾತನ್ನು ಇವತ್ತೂ ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತೇನೆ.

ನಮ್ಮದು ಗುಡಗೇರಿಗೆ ಹತ್ತಿರದ ಎರಿ ಹೊಲಗಳ ಊರು. ಯುಗಾದಿ ಬರುವ ಹೊತ್ತಿಗೆ ಜೋಳ, ಕಡಲೆ ಎಲ್ಲ ಮನೆ ಸೇರಿ, ಕರಿಮಣ್ಣು ಕೈ ತೂರುವಷ್ಟು ಬಿರುಕು ಬಿಟ್ಟಿರುತ್ತದೆ. ಹಬ್ಬದ ಮರುದಿನ ಬೆಳಿಗ್ಗೆ ನಮ್ಮ ಓಣಿಯ ಗಂಡಸರು ಮೊಲದ ಬೇಟೆಗೆ ಹೋಗುತ್ತಿದ್ದರು. ನಾಯಿ ನಮ್ಮದು, ಬಲೆ ಕಾಕಾನದು. ಕಾಕಾ ಎಂದರೆ ಅಪ್ಪನ ಗೆಳೆಯ, ಮಸೀದಿಯ ಬಾಜು ಮನೆ, ಎಂಟೆಕರೆ ಹೊಲ. ಮೊಲ ಬಲೆಗೆ ಜೀವಂತ ಸಿಗಬೇಕು, ಕಾಕಾನೇ ದೇವರ ಹೆಸರು ಹೇಳಿ ಕೊಯ್ಯಬೇಕು. ಹಾಗಾದರೆ ಎರಡೂ ಮನೆಯವರು ಉಣ್ಣಬಹುದಿತ್ತು. ಕೊಯ್ಯುವ ಮೊದಲು ಅಪ್ಪ ಅದರ ಹೊಟ್ಟೆಯನ್ನು ಎರಡು ಬೆರಳಿನಿಂದ ಒತ್ತಿ ನೋಡುತ್ತಿದ್ದ. ಮರಿ ಇದ್ದರೆ ಬಿಟ್ಟುಬಿಡುತ್ತಿದ್ದರು. ಕಾನೂನಿಗೆ ಇದು ಆಗಲೂ ವಿರುದ್ಧವೇ. ಊರಲ್ಲಿ ಬಹಳ ಜನಕ್ಕೆ ಅದು ಗೊತ್ತಿರಲಿಲ್ಲ, ಗೊತ್ತಿದ್ದವರು ಸುಮ್ಮನಿದ್ದರು.

ಸಿಕ್ಕಿದ್ದರಲ್ಲಿ ಬಲೆಯವನಿಗೊಂದು ಪಾಲು, ನಾಯಿಯವನಿಗೊಂದು, ಹೊಲದವನಿಗೊಂದು. ಇವೆಲ್ಲಕ್ಕಿಂತ ಮೊದಲು ತೆಗೆದಿಡುವುದು ಒಲಿಪಾಲು. ಆ ವರ್ಷ ಯಾರ ಮನೆಯಲ್ಲಿ ಸಾವಾಗಿದೆಯೋ ಆ ಮನೆಗೆ ಅದು ಸೇರಬೇಕು. ಅದು ಬರುವ ತನಕ ಆ ಮನೆಯಲ್ಲಿ ಮಾಂಸ ಬೇಯಿಸುವಂತಿಲ್ಲ, ಬಾಣಲೆ ಏರಿಸುವಂತಿಲ್ಲ. ಮನೆಯ ಯಜಮಾನ ಗಡ್ಡ ತೆಗೆಯುವಂತಿಲ್ಲ, ಇನ್ನೊಬ್ಬರ ಹೊಸ್ತಿಲು ದಾಟುವಂತಿಲ್ಲ. ಪಾಲು ತಂದವನು ಹೊರಗೇ ನಿಂತು, "ಬ್ಯಾಟಿ ಬಂದೈತ್ರಿ, ಒಲಿ ಹಚ್ರಿ" ಎಂದು ಕೂಗಬೇಕು. ಯಜಮಾನ ಹೊರಗೆ ಬಂದು ಮೂರು ಮಾತು ಕೇಳಬೇಕು: ಎಲ್ಲಿ ಎದ್ದಿತು, ಯಾರ ಹೊಲದಲ್ಲಿ ಸಿಕ್ಕಿತು, ಹೊಟ್ಟೆಯಲ್ಲಿ ಮರಿ ಇತ್ತೇನು. ಬೇಟೆಗಾರರಷ್ಟು ಸುಳ್ಳು ಹೇಳುವ ಮಂದಿ ಬೇರೆ ಇಲ್ಲ. ನಾಯಿ ಓಡಿದ ವೇಗ, ಮೊಲದ ತೂಕ ಎಲ್ಲವೂ ಕಟ್ಟೆಯ ಮೇಲೆ ಕೂತಲ್ಲೇ ಬೆಳೆಯುತ್ತವೆ. ಆದರೆ ಸತ್ತ ಮನೆಯ ಹೊಸ್ತಿಲ ಮುಂದೆ ಮಾತ್ರ ಇದ್ದದ್ದನ್ನು ಇದ್ದಂತೆ ಹೇಳಬೇಕು. ಅಜ್ಜ ತೀರಿದ ವರ್ಷ ನಮ್ಮ ಮನೆಗೂ ಪಾಲು ಬಂದಿತ್ತು. ಅಲ್ಲಿಯತನಕ ಒಂದು ಹನಿ ಕಣ್ಣೀರು ಹಾಕದ ಅಜ್ಜಿ ಅಂದು ಒಲೆ ಹಚ್ಚುತ್ತ ಬಿಕ್ಕಿ ಬಿಕ್ಕಿ ಅತ್ತಳು, ಆಮೇಲೆ ತಾನೇ ಖಾರ ಅರೆದಳು.

ನಾನು ಇದೇ ಊರಿನ ಶಾಲೆಗೆ ಟೀಚರಾಗಿ ಬರುವ ಹೊತ್ತಿಗೆ ಬೇಟೆಯ ಸ್ವರೂಪವೇ ಕೆಟ್ಟಿತ್ತು. ಹುಡುಗರು ಬೈಕಿನಲ್ಲಿ ಬೆನ್ನಟ್ಟುತ್ತಿದ್ದರು, ಹುಬ್ಬಳ್ಳಿಯಿಂದ ದೋಸ್ತರನ್ನು ಕರೆಸುತ್ತಿದ್ದರು, ಮೊಲದ ಕಿವಿ ಹಿಡಿದು ಮೊಬೈಲಿಗೆ ಪೋಸು ಕೊಡುತ್ತಿದ್ದರು. ಒಂದು ಯುಗಾದಿಗೆ ಹೊಟ್ಟೆ ಜೋತ ಹೆಣ್ಣು ಮೊಲವನ್ನೇ ಹೊಡೆದು ತಂದು ಓಣಿಯಲ್ಲಿ ನಗುತ್ತ ತೋರಿಸಿದರು. ಅಪ್ಪ ಅದನ್ನು ಕಂಡು ತಿರುಗಿ ಮನೆಯೊಳಗೆ ಹೋದ. ನಾನು ಹೋಗಲಿಲ್ಲ, ಅಲ್ಲೇ ನಿಂತು ಜಗಳ ತೆಗೆದೆ. ನನ್ನ ಸಿಟ್ಟು ಊರಿಗೇ ಗೊತ್ತು. ಆ ಸಿಟ್ಟಿನಲ್ಲೇ ಮಕ್ಕಳ ಕೈಯಿಂದ ತಂತಮ್ಮ ಅಪ್ಪಂದಿರಿಗೆ ಚೀಟಿ ಬರೆಸಿದೆ. ಒಂದು ಸಂಜೆ ಗಂಡಸರನ್ನೆಲ್ಲ ಶಾಲೆಯ ಅಂಗಳದಲ್ಲಿ ಕೂಡಿಸಿ, ಇನ್ನು ಬೇಟೆಗೆ ಹೋಗುವುದಿಲ್ಲ ಎಂದು ಕೈ ಎತ್ತಿಸಿದೆ. ಮೊದಲು ಎತ್ತಿದವನು ಕಾಕಾ. ಹಿಂದಿನ ಸಾಲಿನಲ್ಲಿ ಕೂತಿದ್ದ ಅಪ್ಪ ಮಾತ್ರ ಒಂದು ಮಾತು ಕೇಳಿದ.

"ಒಲಿಪಾಲು?"

"ಸಂತ್ಯಾಗ ಕುರಿ ಮಾಂಸ ಸಿಗ್ತೈತಲ್ಲಪ್ಪಾ, ಅದನ್ನ ಕೊಟ್ರಾತು" ಎಂದೆ. ಎಲ್ಲರೂ ನಕ್ಕರು. ಎಲ್ಲರೂ ನಕ್ಕರೆಂದು ನಾನೂ ನಕ್ಕೆ. ಅಪ್ಪ ಕೈ ಎತ್ತಿದ.

ಮೊದಲ ಯುಗಾದಿ ಏನೂ ತೊಂದರೆ ಇಲ್ಲದೆ ಕಳೆಯಿತು. ನಮ್ಮ ಓಣಿಯಲ್ಲಿ ಆ ವರ್ಷ ಯಾರೂ ಸತ್ತಿರಲಿಲ್ಲ. ಮರುವರ್ಷ ಸಂಕ್ರಾಂತಿ ಮುಗಿದು ವಾರಕ್ಕೆ ನಮ್ಮವ್ವ ಹೋದಳು. ಮೂರು ದಿನ ಜ್ವರ, ನಾಲ್ಕನೆಯ ದಿನ ಇಲ್ಲ. ಅವ್ವನ ಬಗ್ಗೆ ಇಲ್ಲಿ ಬರೆಯಲು ನನಗೆ ಆಗುವುದಿಲ್ಲ.

ಅಪ್ಪ ಗಡ್ಡ ಬಿಟ್ಟ. ಹೊಲದ ಕೆಲಸ ಬೇರೆಯವರಿಗೆ ಒಪ್ಪಿಸಿದ. ಚಹಾದ ಅಂಗಡಿಗೆ ಹೋಗಲಿಲ್ಲ, ಸ್ವಂತ ತಂಗಿಯ ಮನೆಯ ಮದುವೆಗೂ ಹೋಗಲಿಲ್ಲ. ಅರ್ಧ ರೊಟ್ಟಿ, ಚೂರು ಚಟ್ನಿಪುಡಿ, ಅಷ್ಟೇ ಊಟ. ಅಂಗಿ ಹೆಗಲ ಮೇಲೆ ನಿಲ್ಲದಂತಾಯಿತು. ಅವನಿಗಿದ್ದ ಒಂದೇ ಸಮಾಧಾನ ಕಾಕಾ. ಅಪ್ಪ ಯಾರ ಮನೆಗೂ ಹೋಗುವಂತಿಲ್ಲವೆಂದು ಕಾಕಾನೇ ದಿನಾ ಸಂಜೆ ಮೂರನೆಯ ನಮಾಜು ಮುಗಿಸಿ ಬರುತ್ತಿದ್ದ. ಇಬ್ಬರೂ ಕಟ್ಟೆಯ ಮೇಲೆ ಕೂತು ಸತ್ತುಹೋದ ಬೇಟೆನಾಯಿಗಳನ್ನು ಒಂದೊಂದಾಗಿ ನೆನೆಯುತ್ತಿದ್ದರು. ಆ ಒಂದು ತಾಸು ಅಪ್ಪನ ದನಿ ಮೊದಲಿನಂತೆ ಕೇಳಿಸುತ್ತಿತ್ತು.

ಯುಗಾದಿ ಹತ್ತಿರ ಬಂದಂತೆ ನನಗೆ ಹೆದರಿಕೆ ಹತ್ತಿತು. ಪಾಲು ಬಾರದಿದ್ದರೆ ಮುಂದಿನ ಯುಗಾದಿಯ ತನಕ ಹೀಗೇ. ಅಷ್ಟು ದಿನ ಅಪ್ಪ ಉಳಿಯುತ್ತಾನೆ ಎಂದು ನನಗೆ ಅನ್ನಿಸಲಿಲ್ಲ. "ಅಪ್ಪಾ, ಇದನ್ನೆಲ್ಲ ಬಿಟ್ಟು ಗಡ್ಡ ತಗಿ" ಎಂದು ಎಷ್ಟೋ ಸಲ ಅಂದೆ. "ನಾ ಬಿಡಾಕ ಇದೇನು ನಂದಾ?" ಎಂದ.

ಕೊನೆಗೆ ಕಾಕಾನ ಮನೆಗೆ ಹೋದೆ. "ಕಾಕಾ, ನೀನೇ ಪಾಲು ತಂದುಕೊಡು" ಎಂದೆ.

ಅವನು ನನ್ನನ್ನೇ ನೋಡಿದ. "ಯವ್ವಾ, ನಿನ್ನ ಮುಂದ ಕೈ ಎತ್ತೇನಿ. ಈಗ ನೀನೇ ಬ್ಯಾಟಿಗೆ ಹೋಗು ಅಂತಿ?"

"ಬ್ಯಾಟಿ ಬ್ಯಾಡ. ಗುಡಗೇರಿಯಿಂದ ಕುರಿ ಮಾಂಸ ತಾ. ಎಲಿಯೊಳಗ ಕಟ್ಟು. ಬಾಗಲಾಗ ನಿಂತು ಆ ಮಾತು ಹೇಳಿಬಿಡು."

ಕಾಕಾ ಗಡ್ಡ ನೀವಿಕೊಂಡ. "ಕುರಿ ಅಂತ ಹೇಳೇ ಕೊಡ್ತೀನಿ. ತಗೊಂಡ್ರ ತಗೋಲಿ."

"ಕುರಿ ಅಂದ್ರ ಅಪ್ಪ ಮುಟ್ಟಂಗಿಲ್ಲ, ಕಾಕಾ. ಮೊಲ ಅಂತನ ಹೇಳು."

ಅವನು ಆಗಲ್ಲ ಎಂದ. ನಾನು ಅವನ ಕಾಲ ಹತ್ತಿರ ಕೂತು ಅತ್ತೆ. ಅವ್ವ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಅರವತ್ತು ದಾಟಿದ ಮನುಷ್ಯನ ಮೇಲೆ ಕಣ್ಣೀರಿನ ಬಲ ಹಾಕುವುದು ಸರಿಯೇ ಎಂದು ಒಮ್ಮೆಯೂ ಯೋಚಿಸಲಿಲ್ಲ. ಅವನು ಹೂಂ ಅಂದ.

ಯುಗಾದಿಯ ಮರುದಿನ ಹತ್ತು ಗಂಟೆಯ ಸುಮಾರಿಗೆ ಬಂದ. ಬಿಳಿ ಅಂಗಿ ತೊಟ್ಟಿದ್ದ, ಕೈಯಲ್ಲಿ ಮುತ್ತಲ ಎಲೆಯ ಗಂಟು. ಹೊಸ್ತಿಲಿಂದ ಎರಡು ಹೆಜ್ಜೆ ಆಚೆ ನಿಂತು, "ಬ್ಯಾಟಿ ಬಂದೈತ್ರಿ, ಒಲಿ ಹಚ್ರಿ" ಎಂದ. ದನಿ ಸಣ್ಣಗಿತ್ತು.

ಅಪ್ಪ ಒಳಗಿನಿಂದ ಎದ್ದು ಬಂದ ರೀತಿಯನ್ನು ನಾನು ಮರೆಯಲಾರೆ. ಧೋತರ ಸರಿ ಮಾಡಿಕೊಂಡ, ಟೊಪ್ಪಿಗೆ ಹಾಕಿಕೊಂಡ, ಎರಡೂ ಕೈ ಚಾಚಿ ಗಂಟು ತೆಗೆದುಕೊಂಡು ಬಿಚ್ಚಿದ. ಐವತ್ತು ವರ್ಷ ಮೊಲ ಸುಲಿದ ಕೈ ಅದು. ಬಿಚ್ಚಿ ನೋಡಿದ. ತಲೆ ಎತ್ತಿ ಕಾಕಾನ ಮುಖ ನೋಡಿದ.

"ಎಲ್ಲಿ ಎದ್ದಿತ್ತು?" ಎಂದು ಕೇಳಿದ.

"ಹಳ್ಳದ ದಂಡಿಗೆ."

"ಯಾರ ಹೊಲದಾಗ ಸಿಕ್ತು?"

"ನಮ್ಮದರಾಗ."

"ಹೊಟ್ಟ್ಯಾಗ ಮರಿ ಇತ್ತೇನು?"

"ಇದ್ದಿಲ್ಲ" ಎಂದ ಕಾಕಾ. ಚಹಾ ಕುಡಿದು ಹೋಗು ಎಂದರೂ ನಿಲ್ಲದೆ ಹೊರಟುಹೋದ.

ಅಂದು ಅಪ್ಪ ತಾನೇ ಒಲೆ ಹಚ್ಚಿದ. ಇಬ್ಬರೂ ಉಂಡೆವು. ಸಂಜೆ ನಾವಿಂದನನ್ನು ಕರೆಸಿ ಗಡ್ಡ ತೆಗೆಸಿದ. ಅಪ್ಪನ ಗದ್ದ ಕಂಡು ನನಗೆ ಎಷ್ಟು ಹಗುರವಾಯಿತೆಂದರೆ, ನನ್ನ ಜಾಣತನಕ್ಕೆ ನಾನೇ ಬೆನ್ನು ಚಪ್ಪರಿಸಿಕೊಂಡೆ. ಮೊಲವೂ ಉಳಿಯಿತು, ಅಪ್ಪನೂ ಉಳಿದ ಎಂದುಕೊಂಡೆ.

ಮರುದಿನ ಸಂಜೆ ಕಾಕಾ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಅಪ್ಪ ಕಟ್ಟೆಯ ಮೇಲೆ ಎಂದಿನ ಜಾಗದಲ್ಲೇ, ಬಾಜು ಒಬ್ಬರಿಗೆ ಜಾಗ ಬಿಟ್ಟು ಕೂರುತ್ತಿದ್ದ. ಎಂಟು ದಿನ ನೋಡಿ ನಾನೇ ಅಂದೆ, "ಈಗ ನಿನಗೇನು ಕಟ್ಟು ಇಲ್ಲಲ್ಲಪ್ಪಾ. ನೀನೇ ಕಾಕಾನ ಮನಿಗೆ ಹೋಗಿ ಬಾ."

ಅಪ್ಪ ಓಣಿಯ ಕಡೆ ನೋಡುತ್ತಲೇ ಹೇಳಿದ: "ನಾ ಇನ್ನೂ ಮಂದಿ ಹೊಸ್ತಿಲ ದಾಟೂ ಹಂಗಿಲ್ಲಲ್ಲಾ ಯವ್ವಾ."

ಗಡ್ಡ ತೆಗೆಸಿದ್ದು, ಉಂಡದ್ದು ಎಲ್ಲ ನನ್ನ ಸಲುವಾಗಿ. ಅಪ್ಪನ ಲೆಕ್ಕದಲ್ಲಿ ಪಾಲು ಬಂದೇ ಇರಲಿಲ್ಲ, ಅವ್ವನ ಸಾವು ಮುಗಿದೇ ಇರಲಿಲ್ಲ. ಅವನು ಅದನ್ನು ನನಗೆ ಹೇಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ಚಲೋ ಇತ್ತು.

ಅದೇ ಸಂಜೆ ಕಾಕಾನ ಮನೆಗೆ ಓಡಿದೆ. ಅವನು ಅಂಗಳದಲ್ಲಿ ಮೇಕೆಗೆ ಸೊಪ್ಪು ಕಟ್ಟುತ್ತಿದ್ದ. "ಕಾಕಾ, ಅಪ್ಪಗ ಗೊತ್ತಾಗೇತಿ" ಎಂದೆ.

"ಅಂದೇ ಗೊತ್ತಾತು" ಎಂದ, ನನ್ನ ಕಡೆ ತಿರುಗದೆ. "ಎಲಿ ಬಿಚ್ಚಿದ ಕೂಡ್ಲೇ ನನ್ನ ಮಾರಿ ನೋಡಿದ. ಅಲ್ಲೇ ಬೈದು ಹೊರಗ ಹಾಕಿದ್ರ ಇವತ್ತ ಸಂಜೀಕನೂ ಬಂದು ಕುಂದರತಿದ್ದೆ. ಅವ ಏನ್ ಮಾಡ್ದ? ಎಲ್ಲಿ ಎದ್ದಿತ್ತು ಅಂತ ಕೇಳಿದ. ಮೂರೂ ಮಾತು ಕೇಳಿದ. ನಾ ಸುಳ್ಳು ಹೇಳಾಕ ಬಂದೇನಿ, ನಡುವ ಸಿಕ್ಕಿ ಬೀಳಬಾರ್ದು, ನನ್ನ ಮರ್ಯಾದಿ ಉಳೀಬೇಕು ಅಂತ ಕೇಳಿದ. ಐವತ್ತು ವರ್ಷ ಜೋಡಿ ತಿರುಗೀವಿ, ಅವನ ಹೆಂಡ್ತಿ ಸತ್ತ ಬಾಗಲಾಗ ನಿಂತು ನಾ ಸುಳ್ಳು ಹೇಳೇನಿ. ಕುರಿ ಅಂತ ಹೇಳಿದ್ರ ತಗೋತಿದ್ನೋ ಏನೋ, ಯಾರಿಗ್ ಗೊತ್ತು. ಈಗ ಯಾವ ಮಾರಿ ತಗೊಂಡು ಬರ್ಲಿ?"

ತಪ್ಪು ನನ್ನದು ಎಂದೆ. ನಿನ್ನದಾದರೂ ಬಾಯಿ ನನ್ನದಲ್ಲವೇ ಎಂದ. ಒಂದು ಸಲ ಬಾ ಕಾಕಾ ಎಂದು ಮತ್ತೆ ಕೇಳಲು ನನಗೆ ಬಾಯಿ ಬರಲಿಲ್ಲ. ಅವನಿಂದ ಕೇಳಬಾರದ್ದನ್ನು ಒಮ್ಮೆ ಕೇಳಿಯಾಗಿತ್ತು.

ಮನೆಗೆ ಬಂದಾಗ ಅಪ್ಪ ಇನ್ನೂ ಹೊರಗೇ ಕೂತಿದ್ದ. "ಭೆಟ್ಟಿ ಆದ್ನೇನು? ಏನಂದ?" ಎಂದು ಕೇಳಿದ.

ದಾರಿಯುದ್ದಕ್ಕೂ ನಿಜ ಹೇಳಬೇಕೆಂದೇ ಬಂದಿದ್ದೆ. ಅಪ್ಪನ ಮುಖ ನೋಡಿದ ಮೇಲೆ ಆಗಲಿಲ್ಲ. "ಕಾಲು ನೋವಂತಪ್ಪಾ. ಕಮ್ಮಿ ಆದ್ಮ್ಯಾಲೆ ಬರ್ತಾನಂತ" ಎಂದೆ.

ಅಂದು ಕಾಕಾನ ಮುಖ ನೋಡಿದಂತೆಯೇ ಅಪ್ಪ ನನ್ನ ಮುಖ ನೋಡಿದ. ಆಮೇಲೆ ಮೆಲ್ಲಗೆ, "ಯಾವ ಕಾಲು, ಎಡಗಾಲೇನು?" ಎಂದು ಕೇಳಿದ.

"ಹೌದು" ಎಂದೆ.