ನಮ್ಮ ಚಟ್ನಿಗೆ ಸಿಕ್ಕ ಬಾವುಟ

ಅದು ೧೯೭೮. ನಾನು ಸಮುದ್ರದಂಚಿನ ಬೆಂಗ್ರೆಗೆ ಸೊಸೆಯಾಗಿ ಬಂದ ಹೊಸತು. ಮೀನಿಗೆ ಹೋಗುತ್ತಿದ್ದ ನಮ್ಮವರ ಬಲಗೈ ದೋಣಿಯ ಇಂಜಿನಿಗೆ ಸಿಕ್ಕಿ ಬೆರಳುಗಳು ಹೋದವು. ದೋಣಿಯನ್ನು ಮೈದುನ ನೋಡಿಕೊಂಡ. ಸಮುದ್ರ ಬಿಟ್ಟ ಗಂಡಸು ಮನೆಯಲ್ಲಿ ಕೂತರೆ ಹೇಗಿರುತ್ತದೆ ಎಂದು ಬೆಂಗ್ರೆಯ ಹೆಂಗಸರನ್ನು ಕೇಳಬೇಕು. ಸಾರಿಗೆ ಉಪ್ಪು ಕಡಿಮೆಯಾದರೂ ಜಗಳ, ಸರಿಯಾಗಿದ್ದರೂ ಜಗಳ. ದೋಣಿಯ ಮಾತೆತ್ತಿದರೆ ಎದ್ದೇ ಹೋಗುತ್ತಿದ್ದರು.

ಕೊನೆಗೆ ಅತ್ತೆಯ ಒಣ ಸಿಗಡಿ ಚಟ್ನಿಯನ್ನು ಬಾಟಲಿಯಲ್ಲಿ ತುಂಬಿ ಮಾರುವ ಯೋಚನೆ ಅವರಿಗೇ ಬಂತು. ಆ ಹುರುಪು ನೋಡಿ ನನಗೆ ಹೋದ ಜೀವ ಬಂದಂತಾಯಿತು. ಲೇಬಲ್ಲಿನ ಚಿತ್ರವನ್ನು ಎಡಗೈಯಲ್ಲಿ ತಾವೇ ಬಿಡಿಸಿದರು. ಮೇಲೆ ರಾಷ್ಟ್ರಧ್ವಜ, ಕೆಳಗೆ ನೋಟಿನಲ್ಲಿರುವ ಸಿಂಹಗಳು, ನಡುವೆ ಒಂದು ಸಿಗಡಿ. ಸಿಂಹಗಳು ಬೆಕ್ಕಿನ ಹಾಗಿದ್ದವು. ಆದರೂ ಚೆಂದ ಉಂಟು ಎಂದೆ.

ಆ ಗುರುತನ್ನು ರಿಜಿಸ್ಟರ್ ಮಾಡಿಸಲು ಹೊಳೆ ದಾಟಿ ಪೇಟೆಯ ಹಂಪನಕಟ್ಟೆಯಲ್ಲಿದ್ದ ಒಬ್ಬ ವಕೀಲರಲ್ಲಿಗೆ ಹೋದೆವು. ಬಂಟರ ದೊಡ್ಡ ಮನೆತನದವರು, ಆದರೂ ಗತ್ತಿಲ್ಲದ ಮನುಷ್ಯ. ಚಿತ್ರ ನೋಡಿ ಕನ್ನಡಕ ತೆಗೆದರು.

"ಇದು ಆಗ್ಲಿಕ್ಕಿಲ್ಲ ಮಾರಾಯ್ರೆ. ಧ್ವಜ, ಸಿಂಹ ಎಲ್ಲ ದೇಶದ್ದು. ಅದನ್ನು ಯಾರೂ ವ್ಯಾಪಾರದ ಗುರುತು ಮಾಡ್ಲಿಕ್ಕೆ ಕಾನೂನು ಬಿಡುವುದಿಲ್ಲ."

"ನಾವು ಗೌರವದಿಂದಲೇ ಹಾಕಿದ್ದಲ್ವಾ ಸಾರ್?" ಎಂದರು ನಮ್ಮವರು.

"ಗೌರವ ಉಂಟು, ಸರಿ. ಆದ್ರೆ ಜನ ಎಂತ ತಿಳ್ಕೊಳ್ತಾರೆ? ಸರಕಾರವೇ ಚಟ್ನಿ ಅರೆದು ಕೊಟ್ಟಿದೆ ಅಂತ!"

ನನಗೆ ನಗು ಬಂತು. ಇವರ ಮುಖ ನೋಡಿ ನುಂಗಿಕೊಂಡೆ.

ಹಿಂದೆ ಬರುವಾಗ ಫೆರಿಯಲ್ಲಿ ಇವರು ನೀರಿಗೆ ಬೆನ್ನು ಹಾಕಿ ಕೂತರು. ಮನೆ ಮುಟ್ಟಿದ್ದೇ, "ಚಟ್ನಿಯೂ ಬೇಡ, ಎಂತದೂ ಬೇಡ" ಎಂದು ಚಿತ್ರವನ್ನು ಹಂಚಿನ ಮಾಡಿನ ಸಂದಿಗೆ ತುರುಕಿ ಅಂಗಳದಲ್ಲಿ ಕೂತರು. ಮತ್ತೆ ಆ ಮುಖ, ಆ ಜಗಳ ಎಂದು ನನಗೆ ಹೆದರಿಕೆಯೇ ಆಯಿತು.

ಅದು ದೋಣಿಗಳು ಬರುವ ಹೊತ್ತು. ನಮ್ಮಲ್ಲಿ ಒಂದೊಂದು ಮನೆಯ ದೋಣಿಗೂ ಅದರದ್ದೇ ಬಾವುಟ. ದೂರದಿಂದ ಅದನ್ನು ಕಂಡೇ ಹೆಂಗಸರು ಅನ್ನಕ್ಕೆ ನೀರಿಡುವುದು. ನಮ್ಮದು ಅತ್ತೆಯ ಹಳೆಯ ನೀಲಿ ಸೀರೆಯ ತುಂಡು, ನಡುವೆ ಹಳದಿ ತೇಪೆ. ಅದು ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಕಾಣಿಸಿತು.

ಮೀನು ಒಣಗಿಸುತ್ತಿದ್ದ ಅತ್ತೆ, "ದೇಶದ ಬಾವುಟ ದೇಶಕ್ಕಿರ್ಲಿ ಮಗಾ. ನಿನ್ನ ಅಪ್ಪ ಬಂದ್ರು, ನೀನು ಬಂದೆ ಅಂತ ನಾನು ನೆಮ್ಮದಿಯ ಉಸಿರು ಬಿಟ್ಟದ್ದು ಅದನ್ನು ನೋಡಿ" ಎಂದರು.

ಇವರು ಎದ್ದು ಹೋಗಲಿಲ್ಲ. ದೋಣಿ ದಡ ಮುಟ್ಟುವವರೆಗೂ ನೋಡುತ್ತಲೇ ಇದ್ದರು.

ಮುಂದಿನ ವಾರ ಹೊಸ ಚಿತ್ರ ಕಂಡು ವಕೀಲರು ಹುಬ್ಬೇರಿಸಿದರು. "ಇದು ಯಾವ ದೇಶದ್ದು ಮಾರಾಯ್ರೆ? ಹೊರದೇಶದ ಧ್ವಜವೂ ಆಗ್ಲಿಕ್ಕಿಲ್ಲ."

"ದೇಶದ್ದಲ್ಲ ಸಾರ್, ನಮ್ಮ ದೋಣಿಯದ್ದು" ಎಂದರು ಇವರು.

ಕೈ ಹೋದ ಮೇಲೆ 'ನಮ್ಮ ದೋಣಿ' ಎಂಬ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ವಕೀಲರ ಎದುರೇ ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ವಕೀಲರು ಏನೂ ಅರ್ಥವಾಗದೆ ಫ್ಯಾನಿನ ಗಾಳಿ ಜೋರು ಮಾಡಿಸಿದರು.

ಇದಾಗಿ ಹತ್ತು ವರ್ಷ ಕಳೆಯಿತು. ಅತ್ತೆ ತೀರಿಹೋದರು, ಆ ದೋಣಿಯೂ ಈಗ ಇಲ್ಲ. ಆ ದಿನಗಳನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ. ಪೇಟೆಯ ಫಳ್ನೀರಿನ ಕಡೆಯ ಅಂಗಡಿಗಳಲ್ಲಿ ನಮ್ಮ ಬಾಟಲಿ ಕಂಡರೆ, ಅಂಗಡಿಯವರಿಗೆ ಬೇಕೋ ಬೇಡವೋ, "ಇದು ನಮ್ಮ ದೋಣಿಯ ಬಾವುಟ" ಎಂದು ಹೇಳದೆ ನಾನು ಹೊರಗೆ ಬರುವುದಿಲ್ಲ.