ಬದುಕಿದ್ದ ಅತ್ತೆಯ ಮೇಲೆ ಅತ್ತ ಹಾಡು

ಆಗ ನನಗೆ ಇಪ್ಪತ್ತೆರಡು. ಕನ್ನಡ ನಾಡು ಒಂದಾಗುವ ಮೊದಲಿನ ಮಾತು. ನಮ್ಮ ಬಂಡಳ್ಳಿ ಆಗ ಮದ್ರಾಸಿಗೆ ಸೇರಿತ್ತು, ರಾಗಿ ಕೋಣೆಯ ಬೀಗದ ಕೈ ನನ್ನ ಅತ್ತೆಯ ಸೊಂಟಕ್ಕೆ ಸೇರಿತ್ತು. ಮದುವೆಯಾಗಿ ಎಷ್ಟು ವರ್ಷವಾದರೂ ಒಂದು ಮುದ್ದೆ ಹಿಟ್ಟಿಗೂ ನಾನು ಅವಳ ಮುಂದೆ ನಿಲ್ಲಬೇಕಿತ್ತು.

ಹೀಗಿರುವಾಗ ಮೈಸೂರಿನ ಕಾಲೇಜಿನಿಂದ ಒಬ್ಬ ಮೇಷ್ಟ್ರು ಪುಸ್ತಕಕ್ಕೆಂದು ಜನಪದ ಹಾಡು ಬರೆದುಕೊಳ್ಳಲು ಬಂದರು. ನಾನು ಸೋಬಾನೆ, ಬೀಸುವ ಪದ ಎಲ್ಲ ಹಾಡಿ ಮುಗಿಸಿದ ಮೇಲೆ, ಸತ್ತವರ ಗುಣ ಹೇಳಿಕೊಂಡು ಅಳುವ ಹಾಡು ಬೇಕೆಂದರು. ಹೆಣವಿಲ್ಲದೆ ಅದನ್ನು ಹಾಡಬಾರದು ಎಂದೆ. ನನ್ನ ಅತ್ತೆಗೆ ಪುಸ್ತಕ ಸೇರುವ ಆಸೆ. ತಾನೇ ಜಗಲಿಯ ಮೇಲೆ ಚಾಪೆ ಹಾಸಿ ಮಲಗಿದಳು.

"ನನ್ ಮ್ಯಾಲೇ ಅಳು ಕಣಮ್ಮಿ. ಚೆಂದಾಗಿ ಒಗಳು."

ನಾನು ಎದೆ ಬಡಿದುಕೊಂಡು ಶುರು ಮಾಡಿದೆ: "ರಾಗಿ ಕ್ವಾಣೆ ಬೀಗುದ್ ಕೈಯ ಸೊಸೆ ಕೈಗೆ ಕೊಟ್ಟೋಳೆ, ಎಂಗೆ ಬುಟ್ಟೋದೆ ನನ್ನತ್ತೇ..."

ಹೆಣ ಕಣ್ಣು ಬಿಟ್ಟಿತು. "ಯಾವಾಗಮ್ಮಿ ಕೊಟ್ಟೆ?"

ಮೇಷ್ಟ್ರು ಬರೆಯುತ್ತಲೇ, "ಮಾತಾಡಬೇಡಿ ತಾಯಿ. ಜನಪದ ಸುಳ್ಳು ಹೇಳುವುದಿಲ್ಲ. ಎಂಥ ದೊಡ್ಡ ಗುಣ ನಿಮ್ಮದು!" ಎಂದರು.

ಪಕ್ಕದ ಮನೆಯವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಕೊಡ್ದಿದ್ರೆ ಪುಸ್ತಕ್ದಿಂದ ನಿನ್ನ ತೆಗ್ದಾಕ್ತಾರೆ ಕಣಕ್ಕ," ಎಂದಳು.

ಅತ್ತೆ ಮಲಗಿದ್ದ ಹಾಗೇ ಬೀಗದ ಕೈ ಬಿಚ್ಚಿ ನನ್ನ ಮಡಿಲಿಗೆ ಎಸೆದಳು. "ತಕಾ. ಮುಂದುಕ್ಕೆ ಆಡು."

ಮುಂದಕ್ಕೆ ನಾನು ಜೋರಾಗಿಯೇ ಅತ್ತು ಹಾಡಿದೆ. ಮಾರನೇ ಬೆಳಗ್ಗೆ ಎದ್ದು ಕೋಣೆಯ ಬಾಗಿಲು ತೆಗೆದು, ಯಾರನ್ನೂ ಕೇಳದೆ ಎರಡು ಮೊರ ರಾಗಿ ತುಂಬಿಕೊಂಡು ಬೀಸಲು ಕೂತೆ.