ಕಡಲ ತಳ ತಟ್ಟಿ ಕೇಳಿದವಳು

ಮೊನ್ನೆ ಮೊಮ್ಮಗಳು ಅಟ್ಟ ಗುಡಿಸುವಾಗ ಉದ್ದನೆಯ ಕಾಗದದ ಸುರುಳಿಯೊಂದನ್ನು ಕೆಳಗೆಸೆದಳು. ಬಿಚ್ಚಿದರೆ ಕೂದಲೆಳೆಯಂಥ ಕಪ್ಪು ಗೆರೆಗಳು. ಎದುರುಮನೆಯವಳು ಇಟ್ಟು ಹೋದದ್ದು...

ತೊಂಬತ್ತರ ದಶಕದ ಮಾತು. ಕುಂಬಾರಕೊಪ್ಪಲಿನಲ್ಲಿ ನಾನು ಮಡಕೆ ಮಾರುತ್ತಿದ್ದೆ. ಅವಳದು ಸಮುದ್ರದಡಿಯ ಎಣ್ಣೆ, ಗ್ಯಾಸು ಹುಡುಕುವ ಸರ್ಕಾರಿ ಕೆಲಸ; ತಿಂಗಳುಗಟ್ಟಲೆ ಹಡಗಿನಲ್ಲಿದ್ದು, ರಜೆಗೆ ತಾಯಿಯ ಹತ್ತಿರ ಬರುತ್ತಿದ್ದಳು. ಹಡಗಿನಿಂದ ನೀರೊಳಗೆ ಗಾಳಿ ಸಿಡಿಸುತ್ತಾರಂತೆ. ಆ ಸದ್ದು ಸಮುದ್ರದ ತಳ ಹೊಕ್ಕು, ಪದರ ಪದರಕ್ಕೂ ಬಡಿದು ವಾಪಸು ಬರುತ್ತದಂತೆ. ಅದನ್ನು ಕಾಗದದ ಮೇಲೆ ಗೆರೆಯಾಗಿ ಇಳಿಸಿಕೊಳ್ಳುವುದು. ನಾನು ಬೆರಳ ಗೆಣ್ಣಿನಿಂದ ಮಡಕೆ ತಟ್ಟಿ ಬಿರುಕು ಹುಡುಕುತ್ತಿದ್ದೆನಲ್ಲ, ಅದೇ ಕಸುಬು.

ಒಂದು ಸಲ ಬಂದವಳು ಊಟ ಬಿಟ್ಟು ಕೂತಳು. ಸಮುದ್ರದ ತಳದ ಗೆರೆಯ ಕೆಳಗೆ, ಅದರ ಹಾಗೆಯೇ ಬಾಗುತ್ತ ಹೋಗುವ ಇನ್ನೊಂದು ಗೆರೆ ಅವಳಿಗೆ ಸಿಕ್ಕಿತ್ತು. ಅಲ್ಲಿ ಗ್ಯಾಸು ನೀರಿನೊಡನೆ ಹೆಪ್ಪುಗಟ್ಟಿ ಮಂಜುಗಡ್ಡೆಯಾಗಿದೆ, ಕಡ್ಡಿ ಗೀರಿದರೆ ಉರಿಯುತ್ತದೆ ಎಂದು ಅವಳ ವಾದ. ಅದು ತಳಕ್ಕೆ ಬಡಿದ ಸದ್ದೇ ಇನ್ನೊಂದು ಸಲ ಮರುಕಳಿಸಿದ್ದು, ಬೇರೇನೂ ಇಲ್ಲ ಎಂದರು ಕಚೇರಿಯ ಮೇಲಿನವರು. ಹಾಗೆಂದೇ ಬರೆದು ಸಹಿ ಹಾಕು, ಇಲ್ಲವಾದರೆ ಇನ್ನು ಹಡಗು ಹತ್ತುವಂತಿಲ್ಲ ಎಂದಿದ್ದರು.

“ಉರಿಯೋ ಮಂಜುಗಡ್ಡೆನಾ? ನಂಗೇ ನಗು ಬತ್ತದೆ ಕಣೇ, ಅವ್ರು ನಗ್ದೆ ಬುಡ್ತಾರಾ?” ಎಂದೆ.

“ನೋಡಿಲ್ಲಿ ಅಕ್ಕ,” ಎಂದು ಕಾಗದ ಹಾಸಿದಳು. “ತಳದ ಗೆರೇಲಿ ಮೊದ್ಲು ಕಪ್ಪು, ಆಮೇಲೆ ಬಿಳಿ. ಇದ್ರಲ್ಲಿ ತಿರುಗಾಮುರುಗಾ. ಮೇಲೆ ಗಟ್ಟಿ ಇದ್ದು, ಕೆಳಗೆ ಬರೀ ಗ್ಯಾಸ್ ಇದ್ರೇನೇ ಹಿಂಗೆ ಬರೋದು.”

ನಾನು ಓದಿದ್ದು ಮೂರನೆಯ ಕ್ಲಾಸು. ಆದರೂ ಗಟ್ಟಿಗೊಂದು ಸದ್ದು, ಪೊಳ್ಳಿಗೊಂದು ಸದ್ದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಬಿರುಕು ಬಿಟ್ಟಿದ್ದನ್ನ ಚೆನ್ನಾಗದೆ ಅಂತ ನಾನು ಯಾರಿಗೂ ಕೊಟ್ಟಿಲ್ಲ. ನೀನ್ಯಾಕೆ ಸಹಿ ಹಾಕ್ತೀಯೆ? ಏಳು, ಉಣ್ಣು.”

ಅವಳ ತಾಯಿ ನನ್ನ ಮೇಲೆ ಹರಿಹಾಯ್ದರು. “ಕೆಲ್ಸ ಹೋದ್ರೆ ನೀವು ಅನ್ನ ಹಾಕ್ತೀರೇನ್ರೀ?”

“ಮುದ್ದೆ ಹಾಕ್ತೀನಿ ಕಣ್ರೀ. ಬರ್ಲಿ.”

ಅವಳು ಸಹಿ ಹಾಕಲಿಲ್ಲ. ಅವರು ಹಡಗು ಹತ್ತಿಸಲಿಲ್ಲ. ಕಚೇರಿಯ ಮೂಲೆಯಲ್ಲಿ ಹಳೆಯ ಕಡತ ಜೋಡಿಸಲು ಕೂರಿಸಿದರು. ಹಾಗೇ ವರ್ಷಗಳು... ಆಮೇಲೆ ಕಾಯಿಲೆ. ನಲವತ್ತು ತುಂಬುವ ಮೊದಲೇ ಹೋಗಿಬಿಟ್ಟಳು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅದೇ ಜಾಗದಲ್ಲಿ ಕೊರೆದರು. ಬಿಳಿಯ ಗಡ್ಡೆ ಮೇಲೆ ಬಂತು, ಕಡ್ಡಿ ಗೀರಿದರೆ ಉರಿಯಿತು. ಅವಳ ಜೊತೆ ಕೆಲಸ ಮಾಡಿದ್ದವಳೊಬ್ಬಳು ಬಂದು ತಾಯಿಗೆ ಹೇಳಿ ಹೋದಳು. ವರದಿಯಲ್ಲಿ ಇವಳ ಹೆಸರಿಲ್ಲವಂತೆ.

ನಿನ್ನ ಮಾತು ಕೇಳಿ ಕೆಟ್ಟಳು ಎನ್ನುವವರು ಬೀದಿಯಲ್ಲಿ ಈಗಲೂ ಇದ್ದಾರೆ. ಅನ್ನಲಿ. ಇವತ್ತು ಅವಳು ಬಂದು ಕೇಳಿದರೂ, ಸಹಿ ಹಾಕಬೇಡ ಎಂದೇ ಹೇಳುತ್ತೇನೆ. ಕೇಳುವುದಕ್ಕೆ ಅವಳಿಲ್ಲ.